ಉಪ್ಪಿನ ಕೆರೆಯ ನೀಲಕಂಠ

ಸೀಮೆಯಿಂದ ಬಂದ ವಾರದಲ್ಲೇ ನಮ್ಮೂರು ದುದ್ದದ ಅಂಗಡಿ ಜಗಲಿಯ ಮೇಲೆ ನನ್ನನ್ನು ಹಿಡಿದು ಕೂರಿಸಿದರು. “ಎಲ್ಡು ವರ್ಸ ಇದ್ಬಂದಲ್ಲಪ್ಪ, ಏನೇನ್ ನೋಡ್ದೆ ಯೋಳು” ಎಂದರು. ಲಂಡನ್ನಿನಲ್ಲಿ ನೆಲದಡಿಯಲ್ಲಿ ಓಡುವ ರೈಲಿನ ವಿಷಯ ಹೇಳಿದೆ. ಬೆಳಿಗ್ಗೆ ಎದ್ದರೆ ಬಾಗಿಲಿಗೆ ಸುಣ್ಣ ಸುರಿದಂತೆ ಬಿದ್ದಿರುವ ಹಿಮದ ವಿಷಯ ಹೇಳಿದೆ. ಉಪ್ಪು ಖಾರ ಕಾಣದ ಆಲೂಗಡ್ಡೆಯ ವಿಷಯ ಹೇಳಿದಾಗ ಎಲ್ಲರೂ ಅಯ್ಯೋ ಪಾಪ ಎಂದರು. ಆದರೆ ಆ ಎರಡು ವರ್ಷದಲ್ಲಿ ನನ್ನ ಕಣ್ಣಿಗೆ ಅಂಟಿಕೊಂಡು ಉಳಿದದ್ದು ಲಂಡನ್ನಲ್ಲ. ಬರುವ ದಾರಿಯಲ್ಲಿ ಸೈಪ್ರಸ್ ದ್ವೀಪದಲ್ಲಿ ಹಕ್ಕಿ ನೋಡುತ್ತ ಕಳೆದ ಒಂದು ದಿನ. ಅದನ್ನು ಜಗಲಿಯ ಮೇಲೆ ಹೇಳುವುದಕ್ಕೆ ನಾಲಗೆ ಏಳಲಿಲ್ಲ. ಬರೆದರೆ ಆದೀತು ಎಂದು ಬರೆಯುತ್ತಿದ್ದೇನೆ.

ಹೊರಡುವ ಮೊದಲು, ದುದ್ದ

ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದವನು ನಾನೇ ಮೊದಲು. ಸೋಮವಾರ ನಸುಕಿಗೆ ರಾಗಿಹಿಟ್ಟಿನ ಗಂಟು ಹೊತ್ತು ಹಾಸನದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ, ಶನಿವಾರ ನಡೆದು ಬರುತ್ತಿದ್ದೆ. ಆಮೇಲೆ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್‌ಸಿ. ಆದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪುಕ್ಕಟೆ ಸಿಕ್ಕಿದ್ದಲ್ಲ ಅದು.

ನನ್ನ ಬೆನ್ನಿಗೆ ಹುಟ್ಟಿದವನು ನೀಲಕಂಠ. ಅವನಿಗೆ ಪುಸ್ತಕ ಹತ್ತಲಿಲ್ಲ, ದನ ಹತ್ತಿದವು. ಚನ್ನರಾಯಪಟ್ಟಣದ ದನದ ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟುವ ಕೆಲಸಕ್ಕೆ ಸೇರಿದ. ಯುದ್ಧ ಬಂದಾಗ ಪಲ್ಟನ್ನಿನ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಹೋದ. ಎಲ್ಲೆಲ್ಲೋ ಸುತ್ತಿ ಸೈಪ್ರಸ್ಸಿಗೆ ಬಿದ್ದ. ಅಲ್ಲಿ ಜ್ವರ ಬಂದು ತೀರಿಕೊಂಡನೆಂದು ಒಂದು ತಂತಿ ಬಂತು. ಬಂದದ್ದು ಅಷ್ಟೇ.

ನಮ್ಮವರಲ್ಲಿ ಸತ್ತವರನ್ನು ಸುಡುವ ಪದ್ಧತಿಯಿಲ್ಲ. ಕೂರಿಸಿ, ಕೊರಳಲ್ಲಿದ್ದ ಲಿಂಗವನ್ನು ಅಂಗೈಗೆ ಕೊಟ್ಟು, ಮಣ್ಣು ಮಾಡುತ್ತೇವೆ. ಬಂದು ಮನೆಯವರು ತಲೆಗೆ ನೀರು ಹಾಕಿಕೊಂಡರೆ ಅಲ್ಲಿಗೆ ಸತ್ತವರು ಸತ್ತಂತೆ. ತಂತಿ ಬಂದ ದಿನ ಓಣಿಯ ಹೆಂಗಸರು ನೀರು ಕಾಯಿಸಿಟ್ಟು ಕರೆದರೆ ಅವ್ವ ಏಳಲಿಲ್ಲ.

“ಮಣ್ಣು ಮಾಡಿದ್ದ ಯಾರ್ ಕಂಡೋರು? ಮಣ್ಣಾಗ್ದೆ ನಾನ್ಯಾಕ್ರವ್ವ ನೀರಾಕ್ಕಳ್ಳಿ?” ಎಂದಳು.

ಆ ನೀರನ್ನು ಅವ್ವ ಹಾಕಿಕೊಳ್ಳಲೇ ಇಲ್ಲ. ಯುದ್ಧ ಮುಗಿಯಿತು, ನನಗೆ ಮೇಲಿನ ಓದಿಗೆ ಸೀಮೆಗೆ ಹೋಗುವ ಅವಕಾಶ ಬಂತು. ಹೊರಡುವ ದಿನ ಅವ್ವ ನನಗೆ ಹೇಳಿದ್ದು ಒಂದೇ ಮಾತು: “ಬರೋವಾಗ ಆ ಊರ್‍ಗೆ ಓಗ್ಬಾ ಮಗ. ಮಣ್ಣು ಮಾಡುದ್ರಾ, ಸುಟ್ರಾ, ಅಷ್ಟ ತಿಳ್ಕಂಡ್ ಬಾ. ಕತ್ತಿನ ಲಿಂಗ ಏನಾಯ್ತು ಕೇಳು.”

ಲಿಮಸೋಲ್ ಬಂದರು

ತಮ್ಮನ ಕಾಗದಗಳಲ್ಲಿ ಯಾನ್ನಿ ಎಂಬ ಹೆಸರು ಮೇಲಿಂದ ಮೇಲೆ ಬರುತ್ತಿತ್ತು. ಹೇಸರಗತ್ತೆಯ ಲಾಯದಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿಯವನೇ ಒಬ್ಬ. ಆ ಹೆಸರಿಗೆ, ಅವನ ಹಳ್ಳಿಯ ವಿಳಾಸಕ್ಕೆ, ಲಂಡನ್ನಿನಿಂದ ಬರೆದಿದ್ದೆ. ಅವನಿಗೆ ಇಂಗ್ಲಿಷ್ ಬರೆಯಲು ಬಾರದು. ಹಳ್ಳಿಯ ಮೇಷ್ಟ್ರು ಬರೆದುಕೊಟ್ಟಿದ್ದರು: ಬಂದರಿಗೆ ಬರುತ್ತೇನೆ, ವಸಂತದಲ್ಲಿ ಬಾ, ಆಗ ಹಕ್ಕಿ ಬರುತ್ತವೆ.

ಪೋರ್ಟ್ ಸೈದಿನಿಂದ ಹಿಡಿದ ಸಣ್ಣ ಹಡಗು ಕುರಿ, ಈರುಳ್ಳಿ, ಪಾದ್ರಿಗಳನ್ನು ತುಂಬಿಕೊಂಡಿತ್ತು. ವಾಂತಿ ಮಾಡದೆ ಬಂದವು ಕುರಿಗಳು ಮಾತ್ರ. ಲಿಮಸೋಲಿನಲ್ಲಿ ಇಳಿದು ಟೈ ಸರಿಮಾಡಿಕೊಳ್ಳುತ್ತಿದ್ದೆ. ದಪ್ಪ ಮೀಸೆಯ ಒಬ್ಬ ಜನರನ್ನು ತಳ್ಳಿಕೊಂಡು ಬಂದು ಕೈ ಬೀಸಿ ಕೂಗಿದ: “ಎಲಾ! ಎಲಾ!”

ನನಗೆ ರೇಗಿತು. ನಮ್ಮ ಕಡೆ ದನ ಕಾಯುವವನನ್ನು ಕೂಡ ದೊಡ್ಡವನಾದ ಮೇಲೆ ಎಲಾ ಎಂದು ಕರೆಯುವುದಿಲ್ಲ. ಅದೂ ಅಲ್ಲದೆ ಇವನಿಗೆ ಈ ಮಾತು ಹೇಗೆ ಗೊತ್ತು? ನಮ್ಮ ತಮ್ಮನೇ ಕಲಿಸಿದನೋ ಏನೋ! “ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ” ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿಯೇ ಅಂದೆ. ಅವನು ಕಣ್ಣು ಕಣ್ಣು ಬಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರ ಗ್ರೀಕ್ ಮಾತಿನಲ್ಲಿ ಎಲಾ ಎಂದರೆ ‘ಬಾ’ ಎಂದಂತೆ.

“ನೀಲನೂ ಮೊದಲ ದಿನ ಹೀಗೇ ಜಗಳಕ್ಕೆ ಬಂದಿದ್ದ” ಎಂದ ಯಾನ್ನಿ. ಅವನ ಇಂಗ್ಲಿಷ್ ಮುರುಕು, ಆದರೆ ಧಾರಾಳ. “ಅಂಗಿ ಹಿಡಿದೇಬಿಟ್ಟಿದ್ದ. ನಿನ್ನ ಹೆಸರು ನನಗೆ ಗೊತ್ತು. ಅಣ್ಣ.”

“ಅದು ಹೆಸರಲ್ಲ. ಹಿರಿಯವನನ್ನು ಹಾಗೆ ಕರೆಯುವುದು.”

“ಗೊತ್ತು, ಗೊತ್ತು. ಈಗ ಗೊತ್ತು. ಆಗ ಗೊತ್ತಿರಲಿಲ್ಲ. ನಮ್ಮಲ್ಲಿ ಅನ್ನಾ ಎಂದರೆ ಹೆಂಗಸಿನ ಹೆಸರು. ಇವನು ದಿನವೂ ನಮ್ಮಣ್ಣ, ನಮ್ಮಣ್ಣ. ನಮ್ಮಣ್ಣ ಕಾಲೇಜು ಓದುತ್ತೆ, ನಮ್ಮಣ್ಣ ಕನ್ನಡಕ ಹಾಕುತ್ತೆ. ಎಂಥ ಹುಡುಗಿಯನ್ನು ಹಿಡಿದಿದ್ದಾನಪ್ಪ ಎಂದು ನನಗೆ ಹೊಟ್ಟೆಕಿಚ್ಚು.” ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಈಗ ಇಲ್ಲ” ಎಂದ.

ನಾನೂ ನಕ್ಕೆ. ನನ್ನ ತಮ್ಮ ಈ ಪರದೇಶದಲ್ಲಿ ಕೂತು ನನ್ನ ಕಾಲೇಜನ್ನು ಮೆರೆಸುತ್ತಿದ್ದನೆಂದು ನನಗೆ ಯಾರೂ ಹೇಳಿರಲಿಲ್ಲ.

ಯಾನ್ನಿಯ ಮನೆ

ಸಂಜೆಗೆ ಅವನ ಹಳ್ಳಿ ತಲುಪಿದೆವು. ಕಲ್ಲಿನ ಮನೆ, ಮುಂದೆ ದ್ರಾಕ್ಷಿ ಬಳ್ಳಿಯ ಚಪ್ಪರ. ಬಾಗಿಲ ಬಳಿ ಮಣ್ಣಿನ ಹೂಜಿ ನೋಡಿ ನಮ್ಮ ಮನೆಯದೇ ಎನ್ನಿಸಿತು. ಯಾನ್ನಿಯ ಹೆಂಡತಿ ಮರಿಯಾ ನನ್ನ ಕೆನ್ನೆ ಎರಡನ್ನೂ ಹಿಡಿದು ಏನೋ ಹೇಳಿ ಅತ್ತಳು. ಪರಸ್ತ್ರೀ ಕೆನ್ನೆ ಮುಟ್ಟಿದ್ದು ನನ್ನ ಆಯುಸ್ಸಿಗೆ ಅದೇ ಮೊದಲು. ಎಲ್ಲಿ ನೋಡಬೇಕೆಂದು ತಿಳಿಯದೆ ಹೂಜಿಯನ್ನೇ ನೋಡುತ್ತ ನಿಂತೆ.

ಊಟಕ್ಕೆ ಕೂತಾಗ ಮರಿಯಾ ಬಲು ಜತನದಿಂದ ಒಂದು ಜಾಡಿ ತಂದು ತೆರೆದಳು. ಒಳಗೆ ಹುಳಿಯಲ್ಲಿ ನೆನೆದ ಸಣ್ಣ ಸಣ್ಣ ಹಕ್ಕಿಗಳು, ತಲೆ ಕಾಲು ಸಮೇತ. ದೊಡ್ಡ ನೆಂಟರಿಗೆ ಮಾತ್ರ ಬಡಿಸುವ ಪದಾರ್ಥವಂತೆ. ಮರದ ಕೊಂಬೆಗೆ ಅಂಟು ಬಳಿದ ಕಡ್ಡಿಗಳನ್ನು ಕಟ್ಟಿ ಹಿಡಿಯುತ್ತಾರೆ. ನಮ್ಮಲ್ಲಿ ಹುಡುಗರು ಹಲಸಿನ ಮೇಣ ಬಳಿದು ಹಿಡಿಯುವುದಿಲ್ಲವೇ, ಹಾಗೆಯೇ. ಆದರೆ ಇಲ್ಲಿ ಊರಿಗೆ ಊರೇ ಹಿಡಿಯುತ್ತದೆ. ಆಫ್ರಿಕದಿಂದ ಸಮುದ್ರ ದಾಟಿ ಬಂದು, ಉಸ್ಸಪ್ಪಾ ಎಂದು ಮೊದಲು ಕಂಡ ಕೊಂಬೆಯ ಮೇಲೆ ಕೂರುತ್ತವೆ. ಕೂತಲ್ಲೇ ಅಂಟಿಕೊಳ್ಳುತ್ತವೆ.

ನನ್ನ ಮುಖ ನೋಡಿ ಯಾನ್ನಿ ಹೆಂಡತಿಗೆ ಏನೋ ಅಂದ. ಅವಳು ಜಾಡಿ ಮುಚ್ಚಿದಳು. “ನೀಲನೂ ಹೀಗೇ ಮುಖ ಮಾಡಿದ್ದ” ಎಂದ. ನೀಲ ಊಟ ಬಿಟ್ಟು ಎದ್ದು ಹೋಗಿ, ಮರಕ್ಕೆ ಅಂಟಿಕೊಂಡಿದ್ದ ಹಕ್ಕಿಗಳನ್ನು ಒಂದೊಂದಾಗಿ ಬಿಡಿಸಿ, ರೆಕ್ಕೆಗೆ ಎಣ್ಣೆ ಬೂದಿ ತಿಕ್ಕಿ, ಹಾರಿಸಿಬಿಟ್ಟನಂತೆ. ಊರವರು ಬಡಿಯಲು ಬಂದರಂತೆ.

“ನೀನು ಏನು ಮಾಡಿದೆ?”

“ನಾನೇ ಮೊದಲು ಬಡಿದೆ” ಎಂದ ಯಾನ್ನಿ. “ಅವು ನನ್ನ ಹಕ್ಕಿ. ಆಮೇಲೆ ಸ್ನೇಹ ಆಯ್ತು.”

ಕೇಳಬೇಕಾದದ್ದು ನನ್ನ ಬಾಯಲ್ಲಿ ನಿಂತಿತ್ತು. ಮಣ್ಣೋ, ಬೆಂಕಿಯೋ? ಯಾನ್ನಿ ಕೈಯೆತ್ತಿ ತಡೆದ. “ನಾಳೆ. ಅವನು ಕೂರುತ್ತಿದ್ದ ಕಡೆಯೇ ಹೇಳುತ್ತೇನೆ. ಮೊದಲು ಹಕ್ಕಿ ನೋಡು.”

ಉಪ್ಪಿನ ಕೆರೆ

ಮಾರನೆಯ ಬೆಳಿಗ್ಗೆ ಕತ್ತೆಯ ಮೇಲೆ ರೊಟ್ಟಿ, ನೀರು ಹೇರಿಕೊಂಡು ಹೊರಟೆವು. ನನ್ನ ಕೊರಳಲ್ಲಿ ದುರ್ಬೀನು. ಲಂಡನ್ನಿನಲ್ಲಿ ನಾನಿದ್ದ ಮನೆಯ ಯಜಮಾನಿ ತೀರಿಹೋದ ತನ್ನ ಗಂಡನ ದುರ್ಬೀನನ್ನು ಬರುವಾಗ ನನಗೆ ಕೊಟ್ಟಿದ್ದಳು.

ಸಮುದ್ರದ ಪಕ್ಕದಲ್ಲೇ ಒಂದು ದೊಡ್ಡ ಕೆರೆ. ನಮ್ಮ ಕೆರೆಯ ಹಾಗೆ ಏರಿಯಿಲ್ಲ, ತೂಬಿಲ್ಲ. ನೀರು ಬಾಯಿಗೆ ಹಾಕಿದರೆ ಉಪ್ಪು. ಬೇಸಿಗೆ ಬಂದರೆ ಒಣಗಿ ಬರೀ ಉಪ್ಪೇ ಉಳಿಯುತ್ತದಂತೆ. ದಡದ ದಿಣ್ಣೆಯ ಮೇಲೆ ಒಂದು ಕ್ಯಾರೋಬ್ ಮರ. ನಮ್ಮ ಹುಣಸೆಯಂತೆ ಉದ್ದ ಕಾಯಿ ಬಿಡುವ ಮರ ಅದು. ಕಾಯಿ ಸಿಹಿ, ಹೇಸರಗತ್ತೆಗಳಿಗೆ ಪ್ರಾಣ. ಲಾಯ ಇದ್ದದ್ದು ಅಲ್ಲೇ ಹಿಂದೆ. ಭಾನುವಾರ ನೀಲನೂ ಯಾನ್ನಿಯೂ ಆ ಮರದ ಬುಡದಲ್ಲಿ ಕೂತು ಸಮುದ್ರದ ಕಡೆ ನೋಡುತ್ತಿದ್ದರಂತೆ. ನಾವೂ ಕೂತೆವು.

ಮೊದಲು ಏನೂ ಇರಲಿಲ್ಲ. ಆಮೇಲೆ ನೀರಿನ ಮೇಲೆ ಕಪ್ಪು ಚುಕ್ಕೆಗಳು. ದುರ್ಬೀನಿಗೆ ಕಣ್ಣು ಕೊಟ್ಟರೆ ಅಂಬರಗುಬ್ಬಿಗಳು. ಅಲೆಗೆ ತಾಗುವಷ್ಟು ಕೆಳಗೆ, ಎದುರು ಗಾಳಿಗೆ ಹೆಣಗುತ್ತ ಬರುತ್ತಿದ್ದವು. ದಡ ಮುಟ್ಟಿದ್ದೇ ಮರಳಿಗೆ ಬಿದ್ದವು. ಕೂತವು ಎನ್ನಲಾರೆ, ಬಿದ್ದವು. ಒಂದರ ಹತ್ತಿರ ಹೋದೆ, ಹಾರಲಿಲ್ಲ. ಕೈಗೆ ತೆಗೆದುಕೊಂಡೆ. ತೂಕವೇ ಇಲ್ಲ, ಬರೀ ಎದೆಬಡಿತ. ಕಾಲೇಜಿನಲ್ಲಿ ಹಕ್ಕಿಯ ಎದೆಯ ಮಾಂಸಖಂಡಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದವನು ನಾನು. ಒಂದು ಹಕ್ಕಿ ಇಷ್ಟು ದಣಿಯಬಲ್ಲದೆಂದು ಆವತ್ತು ತಿಳಿಯಿತು. ಇನ್ನೊಂದು ಮರಳಿನ ಮೇಲೆ ರೆಕ್ಕೆ ಹರಡಿಕೊಂಡು ನಮ್ಮ ಕಣ್ಣೆದುರಿಗೇ ತಲೆ ವಾಲಿಸಿತು. ದಡ ಸೇರಿದ ಮೇಲೆ ಸತ್ತಿತು.

ಬಿಸಿಲೇರಿದಂತೆ ಜಾತ್ರೆಯೇ ನೆರೆಯಿತು. ಜೇನು ಹಿಡಿಯುವ ಹಕ್ಕಿಗಳು ಮಳೆಬಿಲ್ಲಿನ ಬಣ್ಣ ಮೆತ್ತಿಕೊಂಡು ಕಿರ್ರೆಂದು ಬಂದವು. ಜುಟ್ಟು ಬಿಚ್ಚಿ ಮುಚ್ಚಿ ಮಾಡುತ್ತ ಚಂದ್ರಮುಕುಟ ಬಂತು. ನೀರಂಚಿನಲ್ಲಿ ಹಳದಿ ಹೊಟ್ಟೆಯ, ಕರೀ ತಲೆಯ ಸಣ್ಣ ಹಕ್ಕಿಗಳು ಹಿಂಡು ಹಿಂಡಾಗಿ ಇಳಿದು ಬಾಲ ಕುಣಿಸುತ್ತ ಓಡಾಡತೊಡಗಿದವು. ಯಾನ್ನಿ ನನ್ನ ತೊಡೆಗೆ ಹೊಡೆದು ಪಿಸುಗುಟ್ಟಿದ:

“ಕುಂಡೆಕುಸ್ಕ!”

ಒಂದು ಕ್ಷಣ ನಾನು ಎಲ್ಲಿದ್ದೇನೆ ಎಂಬುದೇ ತಪ್ಪಿತು. ಪುಸ್ತಕದವರು ಸಿಪಿಲೆ ಎನ್ನುತ್ತಾರೆ. ಕೆರೆ ಏರಿಯ ಮೇಲೆ ಬೆಳೆದ ನಮಗೆ ಅದು ಕುಂಡೆ ಕುಣಿಸುವ ಕುಂಡೆಕುಸ್ಕವೇ. ನೀಲ ಎಳೆಯುತ್ತಿದ್ದ ಹಾಗೆಯೇ ಆ ಕಡೆಯ ‘ಸ್ಕ’ವನ್ನು ಎಳೆದಿದ್ದ ಯಾನ್ನಿ. ದನಿ ಬೇರೆ, ರಾಗ ನನ್ನ ತಮ್ಮನದು.

“ನೀಲ ಹೇಳಿದ್ದ” ಎಂದ ಯಾನ್ನಿ. “ಇವು ನಿಮ್ಮೂರ ಕೆರೆಯಿಂದ ಬರುತ್ತವೆ. ಚಳಿಗಾಲ ಅಲ್ಲಿ, ಬೇಸಿಗೆಗೆ ಈ ಕಡೆ. ಅದಕ್ಕೇ ಅವನು ಇವುಗಳನ್ನು ಕೇಳುತ್ತಿದ್ದ: ‘ಅವ್ವ ಚೆಂದಾಗವ್ಳೇನ್ರಲಾ?’”

ಆ ಕೊನೆಯ ಮಾತನ್ನು ಅವನು ಕನ್ನಡದಲ್ಲೇ ಹೇಳಿದ. ಅರ್ಥ ಅವನಿಗೆ ಗೊತ್ತಿತ್ತು.

ದುದ್ದದ ಕೆರೆಗೆ ಬರುವ ಹಕ್ಕಿ ಈ ದಾರಿಯಲ್ಲಿ ಹೋಗುವುದಿಲ್ಲ. ಅದರ ದಾರಿ ಹಿಮಾಲಯದ ಕಡೆ. ಇವು ಆಫ್ರಿಕದವು. ಇದು ನನಗೆ ಖಚಿತವಾಗಿ ಗೊತ್ತು. ನಾನು ಓದಿದ್ದೇ ಅದನ್ನು. ಬಾಯಿ ತೆರೆದೆ. ಯಾನ್ನಿಯ ಮುಖ ನೋಡಿ, “ಹೌದು, ನಮ್ಮೂರವೇ” ಎಂದೆ.

ಮಧ್ಯಾಹ್ನದ ಹೊತ್ತಿಗೆ ಹಿಂದಿನ ಒಣಗಂಬದ ಮೇಲೆ ಒಂದು ನೀಲಿ ಹಕ್ಕಿ ಬಂದು ಕೂತಿತು. ನಮ್ಮ ಕಡೆಯ ನೀಲಕಂಠಕ್ಕೆ ಎದೆ ಕಂದು. ಇದಕ್ಕೆ ತಲೆ, ಎದೆ ಎಲ್ಲ ನೀಲಿ. ಯಾನ್ನಿ ಟೋಪಿ ತೆಗೆದು ಮೊಳಕಾಲ ಮೇಲಿಟ್ಟುಕೊಂಡ.

“ಇದನ್ನು ತೋರಿಸಿ, ‘ನನ್ನ ಹೆಸರು’ ಎಂದಿದ್ದ. ವರ್ಷ ವರ್ಷ ಬಂದು ನೋಡುತ್ತೇನೆ. ಬಂದಿದೆಯಾ ಎಂದು.”

ಹಕ್ಕಿ ಒಂದು ಮಿಡತೆ ಹಿಡಿದು ನುಂಗಿತು. ಕೊಕ್ಕು ಒರೆಸಿಕೊಂಡು ಉತ್ತರದ ಬೆಟ್ಟದ ಕಡೆ ಹೋಯಿತು.

ಕ್ಯಾರೋಬ್ ಮರದ ಬುಡ

ಆಗ ಕೇಳಿದೆ.

ಯಾನ್ನಿ ತಡಮಾಡದೆ ಹೇಳಿದ. ನೀಲನಿಗೆ ಜ್ವರ ಬಂದದ್ದು ಇಂಥದೇ ದಿನಗಳಲ್ಲಿ. ದಂಡಿನ ಡಾಕ್ಟರು ಬಂದು ನೋಡಿದ, ಔಷಧಿ ಕೊಟ್ಟ. ಇಳಿಯಲಿಲ್ಲ. ತೀರಿಕೊಂಡ ಮೇಲೆ ಸಾಹೇಬ ಕೇಳಿದ, ಇವನು ಯಾವ ಮತ? ಹಿಂದೂ ಎಂದರು. ಪಂಜಾಬಿನ ಹವಾಲ್ದಾರ ಒಬ್ಬ ಮುಂದೆ ನಿಂತು, ತನ್ನ ಅಣ್ಣತಮ್ಮಂದಿರಿಗೆ ಮಾಡುವಂತೆ ಎಲ್ಲ ಮಾಡಿದ. ಈ ಮರದ್ದೇ ಕೊಂಬೆ, ಆಲಿವ್ ಸೌದೆ, ತುಪ್ಪ ಸಿಗದೆ ಎಣ್ಣೆ. ಪಲ್ಟನ್ ಪೂರಾ ನಿಂತಿತ್ತು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. “ಚೆನ್ನಾಗಿ ಮಾಡಿದರು” ಎಂದ ಯಾನ್ನಿ. “ಯಾರೂ ಕಡಿಮೆ ಮಾಡಲಿಲ್ಲ.”

ಬೆಂಕಿ. ಯಾರನ್ನು ಬಯ್ಯಲಿ? ಆ ಹವಾಲ್ದಾರನಿಗೆ ತಿಳಿದ ಒಳ್ಳೆಯದನ್ನು ಅವನು ಮಾಡಿದ್ದ. ನಮ್ಮವರು ಇನ್ನೊಂದು ಥರ ಎಂದು ಹೇಳುವುದಕ್ಕೆ ಅಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ.

“ಕೊನೆಯಲ್ಲಿ ನಾನು ಪಕ್ಕದಲ್ಲೇ ಇದ್ದೆ” ಎಂದು ಯಾನ್ನಿ ಒಳಜೇಬಿನಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ನೀಲನ ಬೆಳ್ಳಿಯ ಕರಡಿಗೆ. ಮೊಟ್ಟೆಯಾಕಾರದ ಆ ಪುಟ್ಟ ಭರಣಿಯೊಳಗೆ ಅವನ ಲಿಂಗ. ದಾರ ಕೂಡ ಹಾಗೇ ಇತ್ತು. “ಇದನ್ನು ಕೊರಳಿನಿಂದ ತೆಗೆದು ನನ್ನ ಕೈಗಿಟ್ಟ. ಇಟ್ಟು, ಮಾನಾ ಮು, ಮಾನಾ ಮು ಎಂದ. ನಮ್ಮ ಮಾತಿನಲ್ಲಿ ಎಂದ, ಅಣ್ಣ! ನನಗೆ ತಿಳಿಯಲಿ ಎಂದು.”

“ಹಾಗೆಂದರೆ?”

“ಮಾನಾ, ತಾಯಿ. ಮಾನಾ ಮು, ನನ್ನ ತಾಯಿ. ತಾಯಿಗೆ ಕೊಡು ಎಂದ. ಕೊಡುತ್ತೇನೆ ಎಂದು ಮಾತು ಕೊಟ್ಟೆ. ಇಷ್ಟು ವರ್ಷ ದಾರಿ ಕಾಣಲಿಲ್ಲ. ಈಗ ನೀನು ಬಂದೆ.”

ಅವನು ಹೇಳಿದ್ದನ್ನು ನಾನು ಒಳಗೇ ಇನ್ನೊಂದು ಸಲ ಹೇಳಿಕೊಂಡೆ. ಮಾನಾ ಮು. ಜ್ವರದ ಬಾಯಿ, ಒಣಗಿದ ನಾಲಗೆ. ಮಣ್ಣ್ ಮಾ... ಮಣ್ಣು ಮಾಡು.

ನೀಲ ಕೇಳಿದ್ದು ಮಣ್ಣನ್ನು. ಲಿಂಗ ಕೈಗೆ ಕೊಟ್ಟು, ಇದನ್ನು ಅಂಗೈಲಿಟ್ಟು ನನ್ನನ್ನು ಮಣ್ಣು ಮಾಡು ಎಂದು, ತನಗಿದ್ದ ಒಬ್ಬ ಸ್ನೇಹಿತನಿಗೆ ಹೇಳಿದ್ದ.

ಇದನ್ನು ಯಾನ್ನಿಗೆ ಹೇಳುವುದು ಬೇಡ ಎಂದುಕೊಂಡೆ. ಹೇಳಿ ಆಗುವುದೇನು? ಕರಡಿಗೆ ಕೇಳಿ ತೆಗೆದುಕೊಂಡು, ಮರದ ಬುಡದಲ್ಲಿ ಚಾಕುವಿನಿಂದ ಗುಂಡಿ ತೋಡತೊಡಗಿದೆ.

“ಏನು ಮಾಡ್ತಿದ್ದೀಯ?”

“ಇದನ್ನು ಇಲ್ಲಿ ಇಡಬೇಕು. ನಮ್ಮ ಪದ್ಧತಿ.”

ಯಾನ್ನಿ ನನ್ನ ಮಣಿಕಟ್ಟು ಹಿಡಿದ. ನೋವಾಗುವಂತೆ ಹಿಡಿದ. “ಪದ್ಧತಿ ಗಿದ್ದತಿ ಬೇಡ. ಇದು ತಾಯಿಗೆ. ನಾನು ಸಾಯುವವನ ಕೈ ಹಿಡಿದು ಮಾತು ಕೊಟ್ಟವನು. ನೀನು ಓದಿದವನಿರಬಹುದು, ಅಣ್ಣ ಇರಬಹುದು. ಈ ಮಾತನ್ನು ಮುರಿಯೋಕೆ ನೀನು ಯಾರು?”

ಇನ್ನು ಮುಚ್ಚಿಡಲಾಗಲಿಲ್ಲ. ಗುಂಡಿಯಿಂದ ಕೆಂಪಗೆ ಒಂದು ಹಿಡಿ ಎತ್ತಿ ಅವನ ಮುಂದೆ ಹಿಡಿದೆ. “ಯಾನ್ನಿ, ಇದಕ್ಕೆ ನಮ್ಮ ಮಾತಿನಲ್ಲಿ ಏನೆನ್ನುತ್ತಾರೆ ಗೊತ್ತಾ?”

“ಇಲ್ಲ.”

“ಮಣ್ಣು.”

ಅವನು ನನ್ನ ಕೈಯ ಕಡೆ ಬಗ್ಗಿದ. ತುಟಿ ಮಾತ್ರ ಅಲುಗಿತು. ಮಣ್ಣು. ಮಾನಾ. ಮಣ್ಣು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲಿತು.

“ಇದನ್ನು ಅವನು ನನಗೆ ಕಲಿಸಲಿಲ್ಲ” ಎಂದ. “ಹಕ್ಕಿ ಹೆಸರು ಕಲಿಸಿದ, ಊಟ ಕಲಿಸಿದ, ಬೈಗುಳ ಎಲ್ಲ ಕಲಿಸಿದ. ಇದೊಂದನ್ನು ಕಲಿಸಲಿಲ್ಲ, ಅಣ್ಣ.”

ಕುಂಡೆಕುಸ್ಕಗಳು ನಮ್ಮ ಕಾಲ ಹತ್ತಿರದವರೆಗೂ ಬಂದು ಹೋದವು. ಆಮೇಲೆ ಯಾನ್ನಿಯೇ ಬಗ್ಗಿ ಗುಂಡಿಯನ್ನು ಮೊಳದುದ್ದ ಆಳ ಮಾಡಿದ. “ಹೇಗೆ ಇಡಬೇಕು?” ಎಂದು ಕೇಳಿದ. ಸತ್ತವನ ಅಂಗೈಯಲ್ಲಿಡಬೇಕು ಎಂದೆ. ಯಾನ್ನಿ ಸಮುದ್ರದ ಕಡೆ ಒಂದು ಸಲ ನೋಡಿದ. ಅಂಗಿಯ ತೋಳು ಮಡಿಸಿ, ತನ್ನ ಅಂಗೈಯನ್ನು ಮೇಲುಮುಖ ಮಾಡಿ ಗುಂಡಿಯೊಳಗೆ ಇಳಿಸಿದ.

“ಇಡು” ಎಂದ.

ಇಟ್ಟೆ. ಮೂರು ಹಿಡಿ ಮಣ್ಣು ಹಾಕಿದೆ. ಅವನ ಕೈ ಮುಚ್ಚಿತು. ಅವನು ಸ್ವಲ್ಪ ಹೊತ್ತು ಹಾಗೇ ಇದ್ದು, ಲಿಂಗ ಅಲುಗದ ಹಾಗೆ ಮೆಲ್ಲಗೆ ಕೈಯನ್ನು ಕೆಳಗಿನಿಂದ ಸರಿಸಿಕೊಂಡ. ಉಳಿದ ಮಣ್ಣನ್ನು ಇಬ್ಬರೂ ಸೇರಿ ಎಳೆದೆವು.

ಮತ್ತೆ ದುದ್ದ

ಅವ್ವ ಹೊಸ್ತಿಲ ಹತ್ತಿರ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ನಾನು ಶೂ ಬಿಚ್ಚುವವರೆಗೂ ಕೇರುತ್ತಲೇ ಇದ್ದಳು. ಆಮೇಲೆ ಮೊರ ಬದಿಗಿಟ್ಟಳು. “ಯೋಳು.”

“ಸುಟ್ಟರಂತೆ ಅವ್ವ” ಎಂದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಅವ್ವ ಅಳಲಿಲ್ಲ. “ಲಿಂಗ?”

“ನಾನೇ ಮಣ್ಣಿಗಿಟ್ಟು ಬಂದೆ. ಅವನು ಕೂರ್ತಿದ್ದ ಮರದ ಬುಡದಲ್ಲಿ.” ಅವನು ಕೇಳಿದ್ದೇನು, ಯಾನ್ನಿಗೆ ಕೇಳಿಸಿದ್ದೇನು, ಎಲ್ಲವನ್ನೂ ಹೇಳಿದೆ.

ಅವ್ವ ಮಡಿಲಿನ ಕಾಳು ಕೊಡವಿದಳು. “ಬರೀ ಗುಂಡೀಗ್ ಆಕುದ್ಯಾ? ಅಂಗೈ ಬ್ಯಾಡ್ವೇನ್ಲಾ?”

“ಅಂಗೈಲೇ ಇಟ್ಟೆ. ಯಾನ್ನಿ ತನ್ನ ಕೈ ಕೊಟ್ಟ.”

“ಆ ಕೈ ಮೇಲೆ ಮಣ್ಣಾಕುದ್ಯಾ?”

“ಹಾಕಿದೆ.”

“ಆಮೇಕೆ ಆ ಮಗ ಕೈ ತೊಳ್ಕಂಡ್ನಾ?”

“ಸಮುದ್ರಕ್ಕಿಳಿದು ತೊಳ್ಕೊಂಡ. ನೀರು ತಲೆ ಮೇಲೂ ಹಾಕ್ಕೊಂಡ. ನಾನು ಹಾಕ್ಕೊಂಡಿದ್ದು ನೋಡಿ ಅವನೂ ಹಾಕ್ಕೊಂಡ.”

ಅವ್ವ ಗೋಡೆ ಹಿಡಿದು ಎದ್ದಳು. ಬಚ್ಚಲ ಕಡೆ ಹೋಗುತ್ತ, ತಿರುಗಿ ನೋಡದೆ ಹೇಳಿದಳು:

“ಅಂಡೆ ವಲೆ ಅಚ್ಚು ಮಗ. ತಲೆಗೆ ನೀರಾಕ್ಕತೀನಿ.”